ಗೊಸೆರೆಲಿನ್ ಸೂಜಿಯ ದಿನ ದಾಟಿಹೋದರೆ?

ಪ್ರಶ್ನೆ: ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ತಿಂಗಳಿಗೊಮ್ಮೆ ಗೊಸೆರೆಲಿನ್ (ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನನ್ನು ತಗ್ಗಿಸುವ ಸೂಜಿ) 3.6 ಮಿ.ಗ್ರಾಂ. ಹಿಂದಿನದು ಮಾರ್ಚ್ 3ಕ್ಕೆ ಆಗಿತ್ತು, ಇವತ್ತು ಏಪ್ರಿಲ್ 12. ಒಂಬತ್ತು ದಿನ ತಡ. ಈಗಲೇ ಹಾಕಿಸಬೇಕಾ, ಮೇ 3ರವರೆಗೆ ಕಾಯಬೇಕಾ? ಗೊತ್ತಿರುವವರು ತಿಳಿಸಿ.

— ಒಂಬತ್ತಲ್ಲ, ಹನ್ನೆರಡು ದಿನ. 3.6ರ ಸೂಜಿಗೆ ಕ್ಯಾಲೆಂಡರ್ ತಿಂಗಳಿನ ಲೆಕ್ಕ ಇಲ್ಲ, 28 ದಿನದ ಲೆಕ್ಕ. ಮಾರ್ಚ್ 31ಕ್ಕೇ ಆಗಬೇಕಿತ್ತು. ಬಹಳ ಜನ ಎಡವುವುದೇ ಇಲ್ಲಿ: ವರ್ಷಕ್ಕೆ 12 ಅಲ್ಲ, 13 ಸೂಜಿ. ಕಾಯಬೇಡಿ. ಇವತ್ತೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ, ಎರಡೂ ತಾರೀಖು ಹೇಳಿ, ಆದಷ್ಟು ಬೇಗ ಹಾಕಿಸಿ. ಮುಂದಿನದಕ್ಕೆ, ಹಾಕಿಸಿದ ದಿನದಿಂದ 28 ಎಣಿಸಿ. ತಪ್ಪಿದ್ದನ್ನೂ ಸೇರಿಸಿ ಎರಡು ಹಾಕಿಸುವುದು ಬೇಡ. (10.8ರ ಸೂಜಿಯಾದರೆ 12 ವಾರ.)

— ಒಂದೆರಡು ದಿನ ಹೆಚ್ಚುಕಮ್ಮಿಯಾದರೆ ಗಾಬರಿ ಬೇಕಿಲ್ಲ. 12 ದಿನ ಅಂದರೆ ರಕ್ತಪರೀಕ್ಷೆ ಬೇಕಾ ಎಂದು ಕೇಳುವುದು ವಾಸಿ. ಸೂಜಿಗೆ ಮೊದಲೇ ಟೆಸ್ಟೋಸ್ಟೆರಾನ್, ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಏರಿಳಿತ ತೋರಿಸುವ ಪರೀಕ್ಷೆ) ಎರಡಕ್ಕೂ ರಕ್ತ ಕೊಟ್ಟುಬಿಡಿ, ರಿಪೋರ್ಟ್ ಬರಲಿ ಅಂತ ಸೂಜಿ ಮುಂದೂಡಬೇಡಿ. ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೊಗ್ರಾಂ ಒಳಗಿರಬೇಕು. ಕೆಲವು ಲ್ಯಾಬಿನವರು ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅಲ್ಲಿ ಅದೇ 0.5. ಮೈ ಬಿಸಿಯೇರಿ ಬೆವರುವುದು ಇನ್ನೂ ಇದೆ, ಅಂದಮೇಲೆ ಔಷಧ ಕೆಲಸ ಮಾಡುತ್ತಿದೆ ಎನ್ನುವ ಅಂದಾಜನ್ನು ನೆಚ್ಚಿಕೊಳ್ಳಬೇಡಿ.

— ಮೂಳೆಗೆ ಹರಡಿದೆ ಅಂದಿರಲ್ಲ, ಅದಕ್ಕೇ ಈ ಮಾತು. ಈ ನಡುವೆ ಟೆಸ್ಟೋಸ್ಟೆರಾನ್ ಮತ್ತೆ ಮೇಲೆದ್ದಿದ್ದರೆ, ಹೊಸ ಸೂಜಿ ಮೊದಲ ಒಂದೆರಡು ವಾರ ಅದನ್ನು ಇನ್ನಷ್ಟು ಏರಿಸಿ ಆಮೇಲೆ ಇಳಿಸಬಹುದು. ಅದಕ್ಕೆ ತಡೆಯಾಗಿ ಬೈಕಾಲುಟಮೈಡ್ ಮಾತ್ರೆ ಬೇಕಾ ಎಂದು ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಹಳೇ ಸ್ಟ್ರಿಪ್ ಇದೆ ಅಂತ ನೀವೇ ಶುರು ಮಾಡಬೇಡಿ. ಬೆನ್ನುನೋವು ಹೊಸದಾಗಿ ಜೋರಾದರೆ, ಕಾಲಿನ ಶಕ್ತಿ ಉಡುಗಿದರೆ, ಮೂತ್ರ ಕಟ್ಟಿದರೆ ರಾತ್ರಿಯಾದರೂ ಸರಿ ಎಮರ್ಜೆನ್ಸಿಗೆ ಕರೆದೊಯ್ಯಿರಿ: ಬೆನ್ನುಹುರಿ ಮೇಲೆ ಒತ್ತಡ ಬಿದ್ದಿರಬಹುದು.

— ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹಾಕಿಸುವುದಾದರೆ, ಈ ಸೂಜಿ ಹಾಕಿ ಅಭ್ಯಾಸ ಇದೆಯಾ ಎಂದು ಮೊದಲೇ ಕೇಳಿ. ಇದು ದ್ರವ ಅಲ್ಲ. ಸಿರಿಂಜಿನೊಳಗೆ ಅಕ್ಕಿಕಾಳಿನ ಹಾಗಿರುವ ಗಟ್ಟಿ ಗುಳಿಗೆ. ರೂಢಿಯಂತೆ ಗಾಳಿ ತೆಗೆಯಲು ಹೋದರೆ ಗುಳಿಗೆ ಜಾಗ ತಪ್ಪುತ್ತದೆ. ಹೊಕ್ಕುಳಿನಿಂದ ಕೆಳಗೆ, ಹೊಟ್ಟೆಯ ಚರ್ಮದಡಿ ಹಾಕುವಂಥದ್ದು, ಸೊಂಟಕ್ಕಲ್ಲ. ಸೂಜಿ ದಪ್ಪ, ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. 25 ಡಿಗ್ರಿ ಮೀರದ ಜಾಗದಲ್ಲಿಡಿ, ಪೌಚನ್ನು ಹಾಕುವ ಹೊತ್ತಿಗೇ ಹರಿಯಲಿ. ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇಲ್ಲದಿರಬಹುದು, 21ನೇ ದಿನಕ್ಕೇ ತರಿಸಲು ಹೇಳಿಬಿಡಿ.