ಚಾಲಕನಿಲ್ಲದ ಟ್ರ್ಯಾಕ್ಟರ್ ನಮ್ಮ ಗದ್ದೆಗೆ ಇಳಿಯಬಹುದೇ?

ನಾಲೆಬಯಲು, ಮಂಡ್ಯ: 2022ರ ಜನವರಿಯಲ್ಲಿ ಜಾನ್ ಡಿಯರ್ ಕಂಪನಿ ಚಾಲಕನಿಲ್ಲದ ಟ್ರ್ಯಾಕ್ಟರ್ ತೋರಿಸಿತು. ಅದಕ್ಕೆ ಆರು ಜೋಡಿ ಕ್ಯಾಮೆರಾ; ಅಡ್ಡ ಏನಾದರೂ ಬಂದರೆ ನಿಲ್ಲುತ್ತದೆ. ನಮ್ಮ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಅಂಥದ್ದು ಬಂದರೆ ಏನೇನು ಭದ್ರತೆ ಬೇಕು? ಇಲ್ಲಿ ಮಕ್ಕಳು ಬದುವಿನ ಮೇಲೆಯೇ ಶಾಲೆಗೆ ನಡೆಯುತ್ತಾರೆ.

ಮೈಸೂರು ಇಂಜಿನಿಯರ್: ಭಯ ಬೇಡ. ಗಡಿಯನ್ನು ಉಪಗ್ರಹ ಸಂಕೇತದಿಂದ ಗುರುತಿಸಿಟ್ಟರೆ ಗಾಡಿ ದಾಟುವುದಿಲ್ಲ. ಉಪಗ್ರಹ ಸಂಕೇತದ ತಪ್ಪನ್ನು ನೆಲದ ಕೇಂದ್ರದಿಂದ ತಿದ್ದುವ ಆರ್‌ಟಿಕೆ ವ್ಯವಸ್ಥೆ ಇದ್ದರೆ ಎರಡು ಮೂರು ಸೆಂಟಿಮೀಟರ್ ನಿಖರತೆ. ಇಂಥ ಯಂತ್ರಗಳ ಸುರಕ್ಷತೆಗೆಂದೇ ಐಎಸ್‌ಒ 18497 ಮಾನದಂಡ 2018ರಲ್ಲೇ ಬಂದಿದೆ.

ಮೇಲ್ಗದ್ದೆ: ಎರಡು ಸೆಂಟಿಮೀಟರ್! ನಮ್ಮಲ್ಲಿ ಬದುವೇ ಇದ್ದಲ್ಲಿ ಇರುವುದಿಲ್ಲ. ಪ್ರತಿ ನಾಟಿಗೂ ಪಕ್ಕದವರು ಗುದ್ದಲಿಯಿಂದ ಒಂದಿಷ್ಟು ಕೆತ್ತುತ್ತಾರೆ. ಹೋದ ವರ್ಷದ ಗುರುತು ಹಿಡಿದು ಬಂದ ಗಾಡಿ ಈ ವರ್ಷ ಬದು ಹತ್ತಿ ಉರುಳುತ್ತದೆ.

ಕೆಳಗದ್ದೆ: "ಪಕ್ಕದವರು ಕೆತ್ತುತ್ತಾರೆ" ಎಂದು ಸಾರಾಸಗಟಾಗಿ ಬರೆಯಬೇಡಿ. ಮೇಲಿನವರು ನೀರು ಕಟ್ಟಿ ನಿಲ್ಲಿಸಿದರೆ ಬದು ತಾನಾಗಿಯೇ ಕುಸಿಯುತ್ತದೆ.

ಮೇಲ್ಗದ್ದೆ: ಕುಸಿದದ್ದು ಒಂದೇ ಕಡೆಗೆ ಏಕೆ ಸರಿಯುತ್ತದೆ? ನನ್ನ ಬದುವಿನ ಮೇಲಿದ್ದ ತೆಂಗಿನ ಮರ ಈಗ ಪಕ್ಕದ ಗದ್ದೆಯೊಳಗಿದೆ. ಮರ ನಡೆದು ಹೋಯಿತೇ?

ಕೆಳಗದ್ದೆ: ಮರದ ಲೆಕ್ಕ ಕೇಳುವವರು ಕಲ್ಲಿನ ಲೆಕ್ಕವನ್ನೂ ಹೇಳಲಿ. ಬಾಂದುಕಲ್ಲು ಕಿತ್ತವರು ಯಾರು?

ಪಾಂಡವಪುರದ ಮಗಳು: ಅಣ್ಣಂದಿರೇ, ಬದುವಿನ ಜಗಳ ತಾಲ್ಲೂಕು ಕಚೇರಿಯಲ್ಲಿ ಆಡಿ. ಕಬ್ಬಿನೊಳಗಿಂದ ಸೋಗೆಯ ಹೊರೆ ಹೊತ್ತು ಹೊರಬರುವ ಹೆಂಗಸು ಕ್ಯಾಮೆರಾಕ್ಕೆ ಕಾಣಿಸುತ್ತಾಳೆಯೇ? ಚಿಕ್ಕವಳಿದ್ದಾಗ ಕಬ್ಬಿನಲ್ಲಿ ನನಗೆ ಅಮ್ಮ ಕಾಣಿಸುತ್ತಿರಲಿಲ್ಲ. ಬಳೆ ಸದ್ದು ಕೇಳಿ ಕೂಗುತ್ತಿದ್ದೆ.

ಮೈಸೂರು ಇಂಜಿನಿಯರ್: ಕ್ಯಾಮೆರಾ ದಣಿಯುವುದಿಲ್ಲ ಅಕ್ಕ. ಚಾಲಕ ಮಡ್‌ಗಾರ್ಡ್ ಮೇಲೆ ಇಬ್ಬರನ್ನು ಕೂರಿಸಿಕೊಂಡು ಉಳುತ್ತಾನಲ್ಲ, ಅದು ಭದ್ರವೇ?

ಪಾಂಡವಪುರದ ಮಗಳು: ದಣಿಯದಿದ್ದರೂ ಅದಕ್ಕೆ ಕೆಸರು ಮೆತ್ತುತ್ತದೆ. ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಚಕ್ರ ಎರಚಿದ ಕೆಸರನ್ನು ಚಾಲಕ ತೋಳಿನಿಂದ ಒರೆಸಿಕೊಳ್ಳುತ್ತಾನೆ. ಕ್ಯಾಮೆರಾದ ಗಾಜಿಗೆ ಕೆಸರು ಮುಚ್ಚಿದ ಕ್ಷಣವೇ ಗಾಡಿಯೂ ಹಿಂದೆ ಮಣ್ಣು ಕೊಚ್ಚುವ ರೋಟವೇಟರೂ ನಿಲ್ಲಬೇಕು. ಕೈಗೆಟುಕುವಂತೆ ಕೆಂಪು ಗುಂಡಿ ಇರಬೇಕು, ಅದನ್ನು ಒತ್ತಲು ಗದ್ದೆಯಲ್ಲಿ ಒಬ್ಬ ಮನುಷ್ಯನೂ ಇರಬೇಕು. ತನ್ನದೇ ಶಕ್ತಿಯಿಂದ ಚಲಿಸುವ ಕೃಷಿ ಯಂತ್ರದ ನಿಯಂತ್ರಣದ ಬಳಿ ಆಪರೇಟರ್ ಇರಲೇಬೇಕೆಂದು ಕ್ಯಾಲಿಫೋರ್ನಿಯಾ 1970ರ ದಶಕದಲ್ಲೇ ನಿಯಮ ಮಾಡಿದೆ.

ಮೈಸೂರು ಇಂಜಿನಿಯರ್: 1970ರ ದಶಕ! ಆಗ ಈ ಕ್ಯಾಮೆರಾಗಳೇ ಇರಲಿಲ್ಲ.

ಪಾಂಡವಪುರದ ಮಗಳು: ಕೆಸರಿಗೆ ಉತ್ತರ ಬರಲಿಲ್ಲ.

ಮೇಲ್ಗದ್ದೆ: ಪ್ರತಿ ಉಳುಮೆಗೂ ಮೊದಲು ಗಡಿಯನ್ನು ನಡೆದು ಹೊಸದಾಗಿ ಗುರುತಿಸಬೇಕು, ಪಕ್ಕದವರೂ ಜೊತೆಗಿರಬೇಕು. ಅಲ್ಲಿಯವರೆಗೆ ನನ್ನ ಗದ್ದೆಗೆ ಬೇಡ.

ಕೆಳಗದ್ದೆ: ನಡೆಯೋಣ. ಆದರೆ ಬಾಂದುಕಲ್ಲು ಇದ್ದ ಜಾಗದಿಂದ, ನಿಮ್ಮ ತೆಂಗಿನ ಮರದಿಂದಲ್ಲ.