ಪದಚರ್ಚೆ: ‘ಪರ್ಸೋನಾ’ ಎಂದರೆ ಮುಖವಾಡವೇ? ‘ನೋಡಲು ಕಷ್ಟವಾದ ಚಿತ್ರ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೇ,

ನಮ್ಮ ಫಿಲಂ ಸೊಸೈಟಿಯಲ್ಲಿ ಈ ಭಾನುವಾರ ಸ್ವೀಡನ್ನಿನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ನರ ‘ಪರ್ಸೋನಾ’ (1966) ಚಿತ್ರದ ಪ್ರದರ್ಶನವಿದ್ದು, ಕನ್ನಡ ಕರಪತ್ರವು ನಾಳೆ ಬೆಳಗ್ಗೆಯೇ ಅಚ್ಚಿಗೆ ಹೋಗಬೇಕಾಗಿದೆ. ಸಮಿತಿಯವರು ಇಂಗ್ಲಿಷಿನಲ್ಲಿ ಕೊಟ್ಟ ಒಕ್ಕಣೆಯನ್ನು ‘ಪ್ರಚೋದನಕಾರಿಯಾದ, ಪ್ರಾಯೋಗಿಕವಾದ, ನೋಡಲು ಕಷ್ಟವಾದ ಸ್ವೀಡಿಷ್ ಚಿತ್ರ’ ಎಂದು ಅನುವಾದಿಸಿದ್ದೇನೆ. ಓದಿದರೆ ಅರ್ಧ ಪೊಲೀಸ್ ದೂರಿನಂತೆಯೂ ಅರ್ಧ ವಿಜ್ಞಾನದ ಪರೀಕ್ಷೆಯಂತೆಯೂ ಕೇಳಿಸುತ್ತದೆ. ಇದಲ್ಲದೆ, ಹೆಸರಿನ ಕೆಳಗೆ ‘ಮುಖವಾಡ’ ಎಂದು ಅರ್ಥ ಕೊಡಬೇಕೆಂಬುದು ಸಮಿತಿಯ ಒತ್ತಾಯ. ನಿಘಂಟು ಅದನ್ನೇ ಹೇಳುತ್ತದೆಯಾದರೂ ಚಿತ್ರವನ್ನು ನೋಡಿದ ಮೇಲೆ ನನಗೆ ಒಪ್ಪಿಗೆಯಾಗುತ್ತಿಲ್ಲ. ಇಂದು ರಾತ್ರಿಯೊಳಗೆ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

‘ಮುಖವಾಡ’ ಬೇಡ, ‘ಸೋಗು’ ಎನ್ನಿ. ‘ಸೋಗು ಹಾಕು’ ಎಂಬ ಬಳಕೆ ಇನ್ನೂ ಜೀವಂತವಾಗಿದೆ, ‘ಸೋಗಲಾಡಿ’ಯಂತೂ ಎಲ್ಲರ ಬಾಯಲ್ಲಿದೆ. ಲ್ಯಾಟಿನ್ನಿನಲ್ಲಿ ಪರ್ ಎಂದರೆ ಮೂಲಕ, ಸೊನಾರೆ ಎಂದರೆ ದನಿಗೈ. ನಟನ ದನಿ ಯಾವುದರ ಮೂಲಕ ಹೊಮ್ಮುವುದೋ ಅದೇ ಪರ್ಸೋನಾ. ನಾಯಕಿ ಮಾತು ಬಿಟ್ಟವಳು ಎಂಬುದನ್ನು ನೆನೆದರೆ ಬರ್ಗ್‌ಮನ್ ಈ ಹೆಸರನ್ನು ಏಕೆ ಇಟ್ಟರೆಂಬುದು ತಾನೇ ತಿಳಿಯುತ್ತದೆ. ಇನ್ನು ‘ಪ್ರಚೋದನೆ’, ‘ಪ್ರಯೋಗ’ ಎರಡೂ ಸಂಸ್ಕೃತದ ಕಡ. ‘ಕೆಣಕುವ’ ಎಂಬ ಅಚ್ಚಗನ್ನಡ ಪದವಿರುವಾಗ ಈ ಹೊರೆ ಏಕೆ? ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಎರಡನೆಯ ಉತ್ತರ

ಚರ್ಚಿಸುವಂಥದ್ದು ಇದೆ. ‘ದನಿ ಹೊಮ್ಮುವ ಸಾಧನ’ ಎಂಬ ನಿಷ್ಪತ್ತಿ ರೋಮನ್ನರ ಕಾಲದ್ದೇ ಆದರೂ ವ್ಯಾಕರಣದ ಮುಂದೆ ನಿಲ್ಲುವುದಿಲ್ಲ: ‘ಪರ್ಸೋನಾ’ದಲ್ಲಿ ಓಕಾರ ದೀರ್ಘ, ‘ಸೊನಾರೆ’ಯಲ್ಲಿ ಹ್ರಸ್ವ. ರೋಮನ್ನರಿಗಿಂತ ಮೊದಲೇ ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ನರ ಗೋರಿಯ ಗೋಡೆಯೊಂದರಲ್ಲಿ ಮುಖವಾಡ ತೊಟ್ಟ ಆಕೃತಿಯ ಪಕ್ಕದಲ್ಲಿ ಬರೆದಿರುವ ‘ಫೆರ್ಸು’ ಎಂಬ ಪದದಿಂದ ಇದು ಬಂದಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಹಾಗಿದ್ದರೆ ಲ್ಯಾಟಿನ್ನಿಗೂ ಇದು ಕಡದ ಪದವೇ. ಆದರೆ ಕರಪತ್ರಕ್ಕೆ ಬೇಕಾಗಿರುವುದು ಪದದ ಹುಟ್ಟಲ್ಲ, ಚಿತ್ರದಲ್ಲಿ ಅದು ಮಾಡುವ ಕೆಲಸ.

ನಟಿ ಎಲಿಸಬೆತ್ ವೋಗ್ಲರ್ (ಲಿವ್ ಉಲ್ಮನ್) ‘ಎಲೆಕ್ಟ್ರಾ’ ನಾಟಕದ ನಡುವೆ ಸುಮ್ಮನಾಗುತ್ತಾಳೆ. ಮುಂದೆ ಮಾತನ್ನೇ ತೊರೆಯುತ್ತಾಳೆ. ಆಸ್ಪತ್ರೆಯ ವೈದ್ಯೆ ಅವಳಿಗೆ ಹೇಳುವ ಮಾತಿನ ತಿರುಳು ಇದು: ತೋರುವುದನ್ನು ಬಿಟ್ಟು ಬರೀ ಇರುವುದು ನಿನ್ನ ಹಂಬಲ, ಆದರೆ ಈ ಮೌನವೂ ಒಂದು ಪಾತ್ರವೇ, ಅದು ಸಾಕೆನಿಸುವವರೆಗೆ ಆಡು, ಆಮೇಲೆ ಉಳಿದ ಪಾತ್ರಗಳನ್ನು ಬಿಟ್ಟಂತೆ ಇದನ್ನೂ ಬಿಡುವೆ. ಇಲ್ಲಿ ‘ಸೋಗು’ ಹೇಗೆ ಕೂರುತ್ತದೆ? ಸೋಗಿನಲ್ಲಿ ಎದುರಿನವರನ್ನು ವಂಚಿಸುವ ಉದ್ದೇಶವಿದೆ, ಎಲಿಸಬೆತ್‌ಳಲ್ಲಿ ಅದಿಲ್ಲ. ‘ಮುಖವಾಡ’ವೆಂದರೆ ಅದರ ಹಿಂದೆ ನಿಜವಾದ ಮುಖವೊಂದು ಇದೆ ಎಂದು ಒಪ್ಪಿದಂತಾಯಿತು, ಚಿತ್ರ ಅನುಮಾನಿಸುವುದು ಅದನ್ನೇ. ಅವಳ ಮುಖದ ಅರ್ಧ, ಅವಳನ್ನು ನೋಡಿಕೊಳ್ಳುವ ದಾದಿ ಆಲ್ಮಾಳ (ಬಿಬಿ ಆಂಡರ್ಸನ್) ಮುಖದ ಅರ್ಧ ಒಂದಕ್ಕೊಂದು ಅಂಟಿಕೊಂಡು ಒಂದೇ ಮುಖವಾಗುವ ಚಿತ್ರಿಕೆಯನ್ನು ನೋಡಿದವರು ಯಾವುದನ್ನು ಮುಖವಾಡವೆನ್ನಬೇಕು? ಅರ್ಥ ಕೊಡಲೇಬೇಕೆಂದಿದ್ದರೆ ‘ಪಾತ್ರ’ ಎಂದು ಕೊಡಿ. ನಾಟಕದ ಪುಸ್ತಕಗಳ ಮೊದಲ ಪುಟದಲ್ಲಿ ನಾವು ‘ಪಾತ್ರಗಳು’ ಎಂದು ಅಚ್ಚಿಸುವ ಕಡೆ ಯುರೋಪಿನವರು ಅಚ್ಚಿಸುತ್ತಿದ್ದುದು ‘ಪರ್ಸೋನಾ’ದ ಬಹುವಚನವನ್ನೇ.

ಹೆಸರನ್ನು ಮಾತ್ರ ಮುಟ್ಟಬೇಡಿ. ಸ್ವೀಡನ್ನಿನವರಿಗೂ ‘ಪರ್ಸೋನಾ’ ಮನೆಮಾತಲ್ಲ. ಅವರಿಗೆ ‘ಮಾಸ್ಕ್’ ಇದೆ, ‘ರೋಲ್’ ಇದೆ. ಬರ್ಗ್‌ಮನ್ ಮೊದಲು ಯೋಚಿಸಿದ್ದ ಹೆಸರು ‘ಸಿನಿಮಾಟೋಗ್ರಫಿ’, ಅದೂ ಗ್ರೀಕ್ ಬೇರಿನದು. ಕಡ ತಂದವರು ಅವರೇ ಆಗಿರುವಾಗ ಅದನ್ನು ತೀರಿಸುವ ಹೊಣೆ ನಮ್ಮದಲ್ಲ.

ಇನ್ನು ವಿಶೇಷಣಗಳ ಮಾತು. ‘ಕೆಣಕುವ’ ಒಳ್ಳೆಯ ಪದ, ಅದನ್ನು ಒಪ್ಪುತ್ತೇನೆ; ಅಚ್ಚಗನ್ನಡವೆಂದಲ್ಲ, ‘ಪ್ರಚೋದನಕಾರಿ’ಯನ್ನು ಪತ್ರಿಕೆಗಳು ಭಾಷಣಗಳಿಗೆ ಅಂಟಿಸಿಬಿಟ್ಟಿವೆ ಎಂಬ ಕಾರಣಕ್ಕೆ. ‘ಪ್ರಾಯೋಗಿಕ’ ಕಾಲೇಜಿನ ಪರೀಕ್ಷೆಗೆ ಸೇರಿಹೋಗಿದೆ. ‘ಪ್ರಯೋಗ’ವೆಂದರೆ ನಮ್ಮ ರಂಗಭೂಮಿಯಲ್ಲಿ ಪ್ರದರ್ಶನವೆಂದೂ ಅರ್ಥವಿರುವುದರಿಂದ ವಿಮರ್ಶಕರು ಬಳಸುವ ‘ಪ್ರಯೋಗಶೀಲ’ವೇ ಕ್ಷೇಮ.

‘ನೋಡಲು ಕಷ್ಟವಾದ’ ಎಂಬುದು ಮೂರರಲ್ಲಿ ಅತಿ ದುರ್ಬಲವಾದದ್ದು. ಮುಂದೆ ಕಂಬ ಅಡ್ಡವಿದ್ದರೂ ನೋಡಲು ಕಷ್ಟವೇ. ಈ ಚಿತ್ರದಲ್ಲಿ ಕಷ್ಟ ಒಂದೇ ಬಗೆಯದಲ್ಲ. ಮೊದಲ ನಿಮಿಷಗಳಲ್ಲೇ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಹೊತ್ತಿಕೊಳ್ಳುತ್ತವೆ. ಕುರಿಯ ಕೊಲೆ, ಅಂಗೈಗೆ ಹೊಡೆಯುವ ಮೊಳೆ, ಅಮೆರಿಕ ಮತ್ತು ಬ್ರಿಟನ್ನಿನ ಪ್ರತಿಗಳಿಂದ ಅಂದು ಕತ್ತರಿಸಿದ ಉದ್ರಿಕ್ತ ಶಿಶ್ನದ ಕ್ಷಣಮಾತ್ರದ ಚಿತ್ರ, ಎಲ್ಲವೂ ಸರಸರನೆ ಸರಿದುಹೋಗುತ್ತವೆ. ಇವು ಕಣ್ಣಿಗೆ ಕಷ್ಟ. ಕಡಲತೀರದಲ್ಲಿ ನಡೆದುದನ್ನೂ ಅನಂತರದ ಗರ್ಭಪಾತವನ್ನೂ ಆಲ್ಮಾ ಹೇಳಿಕೊಳ್ಳುವ ಭಾಗದಲ್ಲಿ ಏನನ್ನೂ ತೋರಿಸುವುದಿಲ್ಲ, ಅದು ಕೇಳಲು ಕಷ್ಟ. ನಡುವೆ ಫಿಲಂ ಹರಿದು ಸುಟ್ಟುಹೋಗುವುದು, ಕೊನೆಗೆ ಒಂದೇ ಸ್ವಗತವನ್ನು ಮೊದಲು ಒಬ್ಬಳ, ಆಮೇಲೆ ಇನ್ನೊಬ್ಬಳ ಮುಖದ ಮೇಲೆ ಪೂರ್ತಿಯಾಗಿ ಎರಡು ಬಾರಿ ಕೇಳಿಸುವುದು, ಇವು ನೋಡುವ ಅಭ್ಯಾಸಕ್ಕೇ ಕಷ್ಟ. (ಫಿಲಂ ಸುಟ್ಟಾಗ ಯಂತ್ರ ಕೆಟ್ಟಿತೆಂದು ಯಾರೂ ಏಳಬಾರದೆಂದು ಕರಪತ್ರದಲ್ಲಿ ಹಾಕಿದರೆ ಬರ್ಗ್‌ಮನ್ನರ ಹುನ್ನಾರವೇ ಕೆಟ್ಟೀತು, ಹಾಕಬೇಡಿ.) ಆದ್ದರಿಂದ ಹೀಗೆ ಬರೆಯಬಹುದು: ‘ನೋಡುಗರನ್ನು ಕೆಣಕುವ ಪ್ರಯೋಗಶೀಲ ಸ್ವೀಡಿಷ್ ಚಿತ್ರ, ಕೆಲವು ದೃಶ್ಯಗಳೂ ಮಾತುಗಳೂ ಮನಸ್ಸನ್ನು ಕಲಕುವಂಥವು.’

ಮೊದಲ ಉತ್ತರದವರಿಂದ

ಓಕಾರದ ದೀರ್ಘವನ್ನು ಒಪ್ಪಿದೆ. ‘ಪಾತ್ರ’ವನ್ನು ಒಪ್ಪಲಾರೆ, ಅದೂ ಸಂಸ್ಕೃತವೇ. ಹೀಗೆ ಪ್ರತಿ ಪದಕ್ಕೂ ಒಂದು ಸಮರ್ಥನೆ ಹುಡುಕುತ್ತ ಹೋದರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯಗಳಷ್ಟೇ ಉಳಿಯುತ್ತವೆ. ಅವಾದರೂ ಎಲ್ಲಿ ಉಳಿದಿವೆ? ‘ಸ್ವೀಡಿಷ್ ಚಿತ್ರ’ ಎಂದೇಕೆ, ‘ಸ್ವೀಡನ್ನಿನ ಚಿತ್ರ’ ಎನ್ನಬಾರದೆ? ಷಷ್ಠಿ ಇರುವ ಭಾಷೆಗೆ ಇಂಗ್ಲಿಷಿನ ಬಾಲವನ್ನೂ ಕಡ ತರಬೇಕೆ?

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ‘ಸ್ವೀಡನ್ನಿನ’ ಎಂದು ತಿದ್ದಿದ್ದೇನೆ. ಹೆಸರು ‘ಪರ್ಸೋನಾ’ ಎಂದೇ ಇರುತ್ತದೆ. ಅದರ ಕೆಳಗೆ ‘ಪಾತ್ರ’ ಎಂದು ಹಾಕುವ ಬದಲು ಏನನ್ನೂ ಹಾಕದಿರಲು ಸಮಿತಿಯನ್ನು ಒಪ್ಪಿಸಿದ್ದೇನೆ.