ಮನೆ ಮುಂದಿನ ಮೋರಿ ನೀರು ಕೆರೆಗೇ ಹೋಗುತ್ತದೆ, ನೀವು ಏನು ಮಾಡಿದ್ದೀರಿ?

ಪ್ರಶ್ನೆ: ನಮ್ಮದು ಬೆಂಗಳೂರಿನ ಬಿಟಿಎಂ ಕಡೆ, 30×40 ಸೈಟಿನ ಮನೆ. ಮಳೆ ಬಂದಾಗ ಮೋರಿಯಲ್ಲಿ ಸೋಪಿನ ನೊರೆ, ಎಣ್ಣೆ ಜಿಡ್ಡು ಎಲ್ಲಾ ಹರಿಯುತ್ತದೆ. ಪಾಲಿಕೆ ಏನು ಮಾಡಬೇಕು ಅನ್ನುವುದು ಬೇರೆ ಮಾತು. ಮನೆಯಲ್ಲಿ ನಾವೇ ಏನು ಮಾಡಬಹುದು? ಮಾಡಿ ನೋಡಿದವರು ಹೇಳಿ.

ಉತ್ತರ 1
ನಾವೂ ಅದೇ ಕಡೆಯವರು ಅಕ್ಕ. ಆ ಭಾಗದ ಮಳೆ ನೀರು ರಾಜಕಾಲುವೆ (ಮಳೆ ನೀರಿನ ದೊಡ್ಡ ಕಾಲುವೆ) ಹಿಡಿದು ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ.

ಮೊದಲು ನಿಮ್ಮ ಮನೆಯ ಯಾವ ಪೈಪು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಉಳಿದದ್ದೆಲ್ಲ ಆಮೇಲೆ. ಅಡುಗೆಮನೆ, ಬಚ್ಚಲು, ಟಾಯ್ಲೆಟ್ ನೀರು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿ ಪೈಪಿಗೆ ಹೋಗಬೇಕು. ಅದನ್ನು ಶುದ್ಧ ಮಾಡಲು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದೆ. ಮೋರಿ ಇರುವುದು ಬರೀ ಮಳೆ ನೀರಿಗೆ. ಅದಕ್ಕೆ ಬಿದ್ದದ್ದು ಹಾಗೇ ರಾಜಕಾಲುವೆಗೆ ಹೋಗುತ್ತದೆ.

ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಮಹಡಿ ಮೇಲಿದೆ. ಅದರ ನೀರು ಎಲ್ಲಿಗೆ ಹೋಗುತ್ತದೆ ಅಂತ ಆರು ವರ್ಷ ಯಾರೂ ಕೇಳಿರಲಿಲ್ಲ. ಒಂದು ಭಾನುವಾರ ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ, ಮೆಷಿನ್ ಪೈಪು ಸೇರುವ ಜಾಗಕ್ಕೆ ಸುರಿದೆ. ಮಗನನ್ನು ಗೇಟಿನ ಹತ್ತಿರ ನಿಲ್ಲಿಸಿದ್ದೆ. "ಅಮ್ಮಾ, ಮೋರಿಗೆ ಹಳದಿ ಬಂತು!" ಅಂತ ಕೂಗಿದ. ಹತ್ತಿರ ಸಿಕ್ಕಿತು ಅಂತ ಪ್ಲಂಬರ್ ಅದನ್ನು ಮಳೆ ನೀರಿನ ಪೈಪಿಗೆ ಸೇರಿಸಿಬಿಟ್ಟಿದ್ದ. ಆರು ವರ್ಷದ ಸೋಪು ನೀರು ಸೀದಾ ಕೆರೆ ದಾರಿ ಹಿಡಿದಿತ್ತು. ನನಗೆ ಬಹಳ ಬೇಜಾರಾಯಿತು. ಬಚ್ಚಲಿನ ಲೈನಿಗೆ ಬದಲಾಯಿಸಲು ಅರ್ಧ ದಿನ ಸಾಕಾಯಿತು.

ಇದರ ಉಲ್ಟಾ ತಪ್ಪೂ ಇರುತ್ತದೆ. ಎಷ್ಟೋ ಮನೆಗಳಲ್ಲಿ ತಾರಸಿಯ ಮಳೆ ನೀರನ್ನು ಯುಜಿಡಿ ಛೇಂಬರಿಗೆ ಬಿಟ್ಟಿರುತ್ತಾರೆ. 30×40 ಜಾಗದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 2,800 ಲೀಟರ್ ನೀರು. ಇಡೀ ಬೀದಿಯದ್ದು ಒಟ್ಟಿಗೆ ಸೇರಿದರೆ ಆ ಪೈಪು ತಡೆಯುತ್ತದಾ? ಮ್ಯಾನ್‌ಹೋಲ್ ಉಕ್ಕಿ ಹೊಲಸು ನೀರು ಮೋರಿಗೇ ಬರುತ್ತದೆ. ರಸ್ತೆಯಲ್ಲಿ ನೀರು ನಿಂತಾಗ ಮ್ಯಾನ್‌ಹೋಲ್ ಮುಚ್ಚಳ ಎತ್ತುವುದೂ ಅಷ್ಟೇ ತಪ್ಪು. ನಾವು ತಾರಸಿ ನೀರನ್ನು ಸೋಸಿ ಸಂಪಿಗೆ ಬಿಟ್ಟಿದ್ದೇವೆ, ಹೆಚ್ಚಾದದ್ದು ಇಂಗು ಗುಂಡಿಗೆ. ಮೊದಲ ಮಳೆಯಲ್ಲಿ ಧೂಳು, ಹಕ್ಕಿ ಹಿಕ್ಕೆ ಬರುತ್ತದೆ, ಅದನ್ನು ಸಂಪಿಗೆ ಬಿಡದೆ ಗಿಡಗಳ ಪಾತಿಗೆ ಬಿಡಿ.

2015ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನಿಮಗೂ ನೆನಪಿರಬಹುದು. ಅದಕ್ಕೆ ಮನೆಗಳ ಕೊಳಚೆ ನೀರಿನ ಪಾಲು ದೊಡ್ಡದು. ಹಾಗಾಗಿ ಪೈಪು ನೋಡಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಉತ್ತರ 2
ಮೈಸೂರಿನಿಂದ. ಮನೆ ಕಟ್ಟಿಸುವವರು, ರಿಪೇರಿ ಮಾಡಿಸುವವರು ಸ್ವಲ್ಪ ಗಮನಿಸಿ. ನಾವು ಮೇಲೊಂದು ರೂಮು ಕಟ್ಟಿಸುವಾಗ ಮರಳು, ಜಲ್ಲಿ ರಸ್ತೆ ಬದಿಗೇ ಸುರಿಸಿದ್ದೆವು. ಒಂದೇ ರಾತ್ರಿ ಮಳೆಗೆ ಮರಳಿನ ರಾಶಿ ಕಾಲು ಭಾಗ ಕರಗಿತ್ತು. ಬೆಳಿಗ್ಗೆ ನೋಡಿದರೆ ಚರಂಡಿಯಲ್ಲಿ ಒಂದು ಗೇಣು ಮರಳು ಕೂತಿತ್ತು. ಹೂಳು ಅಂದರೆ ಇದೇ ಅಲ್ವಾ? ಅವತ್ತಿನಿಂದ ಸುತ್ತ ಎರಡು ವರಸೆ ಇಟ್ಟಿಗೆ ಇಟ್ಟು, ಮೇಲೆ ಟಾರ್ಪಾಲಿನ್ ಹೊದಿಸುತ್ತಿದ್ದೆವು. ಮೇಸ್ತ್ರಿಗೆ ಬಾಂಡ್ಲಿ, ಕರಣೆಯನ್ನು ಚರಂಡಿ ಪಕ್ಕ ತೊಳೆಯಬೇಡಿ ಅಂತ ಹೇಳಿ ಒಂದು ಹಳೇ ಡ್ರಮ್ಮು ಇಟ್ಟೆ. ಸಿಮೆಂಟು ತಳದಲ್ಲಿ ಕೂರುತ್ತದೆ, ಮೇಲಿನ ನೀರನ್ನು ಮತ್ತೆ ಕಲಸಲು ಬಳಸಿದರು. ಪೇಂಟರಿಗೂ ಅಷ್ಟೇ, ಥಿನ್ನರ್ ಚೆಲ್ಲಲು ಬಿಡಲೇಬೇಡಿ.

ಉತ್ತರ 3
ಮಂಗಳೂರು ಕಡೆ. ನಮ್ಮಲ್ಲಿ ಮನೆ ಹಿಂದಿನ ತೋಡು (ಸಣ್ಣ ಹಳ್ಳ) ನದಿಗೆ ಸೇರುತ್ತದೆ, ಮಳೆಗಾಲದಲ್ಲಿ ಕ್ಷಣದಲ್ಲಿ ತುಂಬುತ್ತದೆ. ನಾನು ಮಾಡಿದ ಮೂರು ಸಣ್ಣ ಬದಲಾವಣೆ ಹೇಳುತ್ತೇನೆ. ಬೈಕಿನ ಹಳೇ ಆಯಿಲ್ ತೋಡಿಗೆ ಚೆಲ್ಲುತ್ತಿದ್ದೆ, ಈಗ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡುತ್ತೇನೆ. ಕಾರನ್ನು ಅಂಗಳದ ಇಂಟರ್‌ಲಾಕ್ ಕಲ್ಲಿನ ಮೇಲೆ ತೊಳೆಯದೆ ಮಣ್ಣಿನ ಮೇಲೆ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಸೋಪು ಹಾಕುವುದಿಲ್ಲ. ಗಿಡಗಳಿಗೆ ಗೊಬ್ಬರವನ್ನು ಮಳೆ ಬರುವ ಲಕ್ಷಣ ಇದ್ದಾಗ ಹಾಕುವುದಿಲ್ಲ, ಹಾಕಿದರೆ ಅದು ತೋಡಿಗೆ ಹಾಕಿದ ಹಾಗೆ. ನಾಯಿ ಸಾಕಿದವರು ಅದರ ಹೇಲನ್ನು ಎತ್ತಿ ಟಾಯ್ಲೆಟ್ಟಿಗೆ ಹಾಕಿ, ಬೀದಿಯಲ್ಲಿ ಬಿಟ್ಟರೆ ಮೊದಲ ಮಳೆಗೇ ನೀರು ಸೇರುತ್ತದೆ.

ಉತ್ತರ 1, ಮತ್ತೆ
ಇನ್ನೊಂದು ಮಾತು ಬಿಟ್ಟುಹೋಗಿತ್ತು. ಬೆಳಿಗ್ಗೆ ಅಂಗಳಕ್ಕೆ ಪೈಪು ಹಿಡಿದು ಎಲೆ, ಕಸ ಎಲ್ಲಾ ಮೋರಿಗೆ ತಳ್ಳುವುದನ್ನು ನಿಲ್ಲಿಸಿ. ಮೊದಲು ಒಣಗಿದ ಪೊರಕೆಯಲ್ಲಿ ಗುಡಿಸಿ ಮೊರದಲ್ಲಿ ಎತ್ತಿಕೊಳ್ಳಿ. ರಂಗೋಲಿಗೆ ಒಂದು ಚೊಂಬು ನೀರು ಚಿಮುಕಿಸಿದರೆ ಸಾಕು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅರಿಶಿನದ ನೀರು ಹಾಕಿ ನೋಡಿದೆ. ಸಿಂಕು, ಬಚ್ಚಲು ಸರಿಯಿದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ನೀರು ಮಾತ್ರ ಮೋರಿಗೆ ಬಂತು. ಅತ್ತೆ ದಿನಾ ಅಲ್ಲೇ ಒಗೆಯುತ್ತಾರೆ. ಶನಿವಾರ ಪ್ಲಂಬರ್ ಬರುತ್ತೇನೆ ಅಂದಿದ್ದಾರೆ. ಪಕ್ಕದ ಮನೆಯವರೂ ತಮ್ಮದನ್ನು ನೋಡಿಕೊಡಿ ಅಂತ ಕೇಳಿದ್ದಾರೆ.